ಆಲೆಮನೆ, ಬಿ ವಿಂಗ್

ಕಳೆದ ವರ್ಷ ಶುಂಠಿ ಬಿಸ್ಕತ್ತಿನಲ್ಲಿ ನಾವು ಕಟ್ಟಿದ ಜಿಂಜರ್‌ಬ್ರೆಡ್ ಮನೆ ಬಿದ್ದದ್ದು ಡಿಸೆಂಬರ್ 29ರ ರಾತ್ರಿ. ಸದ್ದೇನೂ ಆಗಲಿಲ್ಲ. ಬೆಳಿಗ್ಗೆ ಹಾಲು ಕಾಯಿಸಲು ಎದ್ದವಳು ನೋಡಿದರೆ, ಮಾಡಿನ ಒಂದು ಹಲಗೆ ಒಳಗೆ ಜಾರಿತ್ತು, ಹಿಂದಿನ ಗೋಡೆ ಮಳೆಗಾಲದ ಹಪ್ಪಳದಂತೆ ಬಾಗಿ ಕೂತಿತ್ತು, ಬಾಗಿಲಲ್ಲಿ ನಿಲ್ಲಿಸಿದ್ದ ಸಕ್ಕರೆಯ ಮುದುಕ ಅಂಗಾತ ಬಿದ್ದಿದ್ದ.

ತಪ್ಪು ನನ್ನದೇ. ಇರುವೆಯ ಭಯಕ್ಕೆ ಆ ಮನೆಯನ್ನು ಮಣೆಯ ಮೇಲೆ ಕೂರಿಸಿ, ಮಣೆಯನ್ನು ನೀರು ತುಂಬಿದ ಪರಾತದಲ್ಲಿ ಇಟ್ಟಿದ್ದೆ. ಊರಿನಲ್ಲಿ ಅಜ್ಜಿ ಬೆಲ್ಲದ ಪಾತ್ರೆಗೆ ಮಾಡುತ್ತಿದ್ದ ಉಪಾಯ ಅದು. ಸುತ್ತ ನೀರು, ನಡುವೆ ಮನೆ. ಮಗಳು ಅದಕ್ಕೆ ಜಂಜೀರಾ ಎಂದು ಹೆಸರಿಟ್ಟಳು. ಸಮುದ್ರದ ನಡುವಿನ ಆ ಕೋಟೆಯನ್ನು ಶಿವಾಜಿ ಮಹಾರಾಜರಿಗೂ ಗೆಲ್ಲಲಾಗಲಿಲ್ಲ ಎಂಬ ಶಾಲೆಯ ಪಾಠವನ್ನು ಇರುವೆಗಳಿಗೆ ಕೇಳಿಸುವಂತೆ ಜೋರಾಗಿ ಹೇಳಿದಳು. ಇರುವೆ ಬರಲಿಲ್ಲ, ನಿಜ. ಆದರೆ ಅಜ್ಜಿಯ ಪಾತ್ರೆ ಹಿತ್ತಾಳೆಯದು, ನನ್ನ ಮಣೆ ಮರದ್ದು ಎಂಬುದು ನನಗೆ ಹೊಳೆಯಲೇ ಇಲ್ಲ. ಐದು ದಿನ ಮಣೆ ನೀರು ಕುಡಿಯಿತು, ಮಣೆಯಿಂದ ಗೋಡೆ ಕುಡಿಯಿತು.

ಅದಕ್ಕೂ ದೊಡ್ಡ ತಪ್ಪು ಇನ್ನೊಂದಿತ್ತು. ಕ್ರಿಸ್ಮಸ್ಸಿನ ಮರುದಿನವೇ ಮಕ್ಕಳು ತಿನ್ನೋಣ ಎಂದಿದ್ದರು. ಹೊಸ ವರ್ಷಕ್ಕೆ ನೆಂಟರು ಬರುತ್ತಾರೆ, ಅವರೂ ನೋಡಲಿ ಎಂದು ತಡೆದವಳು ನಾನು. ಎರಡು ದಿನದ ಶ್ರಮ, ಮುನ್ನೂರು ಗ್ರಾಂ ಐಸಿಂಗ್ ಸಕ್ಕರೆ, ಎಲ್ಲವೂ ಹಸಿಕಸದ ಬುಟ್ಟಿಗೆ ಹೋಯಿತು. ಮಗಳು ಅಳಲಿಲ್ಲ. "ಒಂದು ಕಿಟಕಿಯನ್ನಾದರೂ ತಿನ್ನಬಹುದಿತ್ತು" ಎಂದಳು, ಅಷ್ಟೇ. ಅತ್ತಿದ್ದರೆ ಸಮಾಧಾನ ಮಾಡುವ ದಾರಿಯಾದರೂ ಇರುತ್ತಿತ್ತು.

ಹಾಗಾಗಿ ಈ ವರ್ಷ ಕಟ್ಟುವ ದಿನಕ್ಕಿಂತ ಮೊದಲು ಕೆಡಹುವ ದಿನ ಗೊತ್ತಾಯಿತು. ಕ್ಯಾಲೆಂಡರಿನಲ್ಲಿ 26ರ ಚೌಕದೊಳಗೆ ಮಗಳು ಕೆಂಪು ಪೆನ್ನಿನಲ್ಲಿ ಸುತ್ತಿಗೆಯ ಚಿತ್ರ ಬರೆದಳು. ಕೆಳಗೆ, ಸಂಜೆ ಐದು ಗಂಟೆ.

ಜಿಂಜರ್‌ಬ್ರೆಡ್ ಎಂದರೆ ಬ್ರೆಡ್ಡೂ ಅಲ್ಲ, ಕೇಕೂ ಅಲ್ಲ. ಮೈದಾ, ಬೆಣ್ಣೆ, ಕಪ್ಪು ಬೆಲ್ಲದ ಪಾಕ, ಒಣಶುಂಠಿ, ದಾಲ್ಚಿನ್ನಿ, ಲವಂಗ ಸೇರಿದ ದಪ್ಪ ಬಿಸ್ಕತ್ತು. ಹೆಸರಿನಲ್ಲಿರುವ ಬ್ರೆಡ್ ಕೂಡ ಮೂಲದಲ್ಲಿ ಬ್ರೆಡ್ ಅಲ್ಲ. ಕಾಪಿಟ್ಟ ಶುಂಠಿಗೆ ಹಳೆಯ ಫ್ರೆಂಚಿನಲ್ಲಿದ್ದ ಪದವೊಂದು ಇಂಗ್ಲಿಷರ ಬಾಯಿಗೆ ಬಿದ್ದು, ಬಾಲ ಬದಲಿಸಿಕೊಂಡು ಬ್ರೆಡ್ ಆಯಿತು. ಮನೆ ಕಟ್ಟುವ ಹುಚ್ಚು ಹಬ್ಬಿದ್ದು ಜರ್ಮನಿಯಿಂದ. ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಹಾಕಿಸಿದ ಜನಪದ ಕಥೆಗಳಲ್ಲಿ ಕಾಡಿನಲ್ಲಿ ದಾರಿ ತಪ್ಪಿದ ಅಣ್ಣತಂಗಿಯರ ಕಥೆಯೊಂದಿದೆಯಲ್ಲ, ಅದರ ಮಾಟಗಾತಿಯ ಮನೆಯೇ ಇದರ ಮೂಲಮನೆ. ತಮಾಷೆ ಏನೆಂದರೆ ಆ ಕಥೆಯ ಮನೆಯಲ್ಲಿ ಶುಂಠಿಯ ಸುದ್ದಿಯೇ ಇಲ್ಲ. ಗೋಡೆ ರೊಟ್ಟಿಯದು, ಮಾಡು ಕೇಕಿನದು, ಕಿಟಕಿ ಸಕ್ಕರೆಯದು. ಶುಂಠಿ ಆಮೇಲೆ ಬೇಕರಿಗಳಲ್ಲಿ ಸೇರಿಕೊಂಡದ್ದು. ಈಗ ನಾರ್ವೆಯ ಬರ್ಗೆನ್ ಎಂಬ ಊರಿನಲ್ಲಿ 1991ರಿಂದ ಪ್ರತಿ ವರ್ಷ ಇಡೀ ಪೇಟೆಯನ್ನೇ ಇದರಲ್ಲಿ ಕಟ್ಟುತ್ತಾರೆ. ಶಾಲೆಯ ಮಕ್ಕಳೂ ಮನೆ ಕಟ್ಟಿ ತಂದು ಕೊಡುತ್ತಾರೆ, ಹಡಗು, ರೈಲು ಎಲ್ಲ ಇರುತ್ತವೆ. ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿದ್ದು ನನ್ನ ಎರಡನೆಯ ಅವಿವೇಕ. ಮಕ್ಕಳು ನಮಗೂ ರೈಲು ಬೇಕು ಎಂದು ಹಠ ಹಿಡಿದರು, ಅದೂ ಬಾಗಿಲಲ್ಲಿ ಜನ ನೇತಾಡುವ ಲೋಕಲ್.

ಕಥೆ ಹೇಳುವಾಗ ಮಕ್ಕಳು ತಡೆದು ಕೇಳಿದ್ದು ಮಾಟಗಾತಿಯ ಬಗ್ಗೆ ಅಲ್ಲ. ಅಪ್ಪ ಅಮ್ಮ ಮಕ್ಕಳನ್ನು ಕಾಡಿನಲ್ಲಿ ಏಕೆ ಬಿಟ್ಟರು ಎಂದು. ಬರಗಾಲ, ಮನೆಯಲ್ಲಿ ತಿನ್ನಲು ಇರಲಿಲ್ಲ ಎಂದೆ. ಮೊದಲ ಮುದ್ರಣದಲ್ಲಿ ಬಿಟ್ಟು ಬರೋಣ ಎಂದವಳು ಹೆತ್ತ ತಾಯಿಯೇ. ಮುಂದಿನ ಮುದ್ರಣಗಳಲ್ಲಿ ಅವಳನ್ನು ಮಲತಾಯಿ ಮಾಡಿದರು. ಆ ಸಂಗತಿಯನ್ನು ನಾನು ನುಂಗಿಕೊಂಡೆ. ನೆರೆಮನೆಯ ಬಾಯಿಯವರ ಮೊಮ್ಮಗ, ಏಳು ವರ್ಷದವನು, ಸ್ವಲ್ಪ ಹೊತ್ತು ಯೋಚಿಸಿ, "ಹಸಿದವರಿಗೆ ಮನೆ ಕಂಡರೂ ತಿಂಡಿಯ ಹಾಗೆ ಕಾಣುತ್ತದೆ" ಎಂದ. ನಾನು ಮಾತು ಮುಂದುವರಿಸಲಿಲ್ಲ. ಈ ಊರಿನಲ್ಲಿ ಏನು ತಿನ್ನುವಾಗಲೂ ಮನೆಯನ್ನೇ ಕಾಣುವವರ ನಡುವೆ ಇಪ್ಪತ್ತು ವರ್ಷ ಕಳೆದಿದ್ದೇನೆ.

ಬಾಯಿ ಎಂದರೆ ನೆಲಮಹಡಿಯ ನಮ್ಮ ನೆರೆಯವರು. ಬೆಳ್ತಂಗಡಿ ಕಡೆಯ ಕ್ರೈಸ್ತ ಮನೆತನ, ಮುಂಬಯಿಗೆ ಬಂದು ಐವತ್ತು ವರ್ಷವಾಯಿತು. ನಮ್ಮ ಕಲೀನಾದಲ್ಲಿ ಡಿಸೆಂಬರ್ ಎಂದರೆ ಅವರ ತಿಂಗಳು. ಬಾಲ್ಕನಿಯಲ್ಲಿ ಕಾಗದದ ನಕ್ಷತ್ರ ಏರುತ್ತದೆ, ತಟ್ಟೆಯಲ್ಲಿ ಗೋದಲಿಯ ಹುಲ್ಲಿಗೆಂದು ರಾಗಿ ಮೊಳೆಯುತ್ತದೆ, ಎರಡು ವಾರ ಮೆಟ್ಟಿಲ ತುಂಬ ಎಣ್ಣೆಯಲ್ಲಿ ಕರಿದ ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳ ಪರಿಮಳ. ನೆವ್ರ್ಯೊ, ಕಿಡ್ಯೊ, ತುಕ್ಡಿ, ಗುಳಿಯೊ. ಹಿಟ್ಟಿನ ಗುಳಿಗೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಮಾಡುವ ಕಿಡ್ಯೊ ಕೆಲಸಕ್ಕೆ ಕಟ್ಟಡದ ಮಕ್ಕಳಿಗೆಲ್ಲ ಕರೆ ಹೋಗುತ್ತದೆ. ಮೊದಲ ಸಲ ನಮ್ಮ ಜಿಂಜರ್‌ಬ್ರೆಡ್ ಮನೆಯನ್ನು ಕಂಡಾಗ ಬಾಯಿ ಮೂಗಿನ ಮೇಲೆ ಬೆರಳಿಟ್ಟಿದ್ದರು. "ಇದು ಯಾವ ಕ್ರಿಸ್ಮಸ್ ಮಾರಾಯ್ತಿ? ನಮ್ಮಲ್ಲಿ ಇಲ್ಲ ಇದು. ದೇವರ ಮಗನಿಗೆ ಹಟ್ಟಿ ಸಾಕಾಯಿತು, ನಿಮಗೆ ಟೂ ಬಿಎಚ್‌ಕೆ ಬೇಕು."

ಅಂದರೆ ಶಿರಸಿಯ ಕಡೆಯ ನನಗೂ ಇದು ಹಬ್ಬವಲ್ಲ, ಬಾಯಿಗೂ ಇದು ಸಂಪ್ರದಾಯವಲ್ಲ. ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಕೈಹಾಕಿದ ಮುಜುಗರವೂ ಇರಲಿಲ್ಲ, ಇಬ್ಬರೂ ಸಮಸಮ ಅಪರಿಚಿತರು.

ಈ ಸಲ ಅಮ್ಮ ಬಂದಿದ್ದಳು. ಕುಮಟಾದಲ್ಲಿ ರೈಲು ಹತ್ತುವಾಗ ಬಟ್ಟೆಗಿಂತ ಭಾರದ ಚೀಲದಲ್ಲಿ ಎರಡು ಬಾಟಲಿ ಜೋನಿಬೆಲ್ಲ. ವಿದೇಶದ ವಿಧಾನಗಳಲ್ಲಿ ಮೊಲಾಸಸ್ ಎಂದು ಬರೆದಿರುವ ಜಾಗದಲ್ಲಿ ನಾನು ಹಾಕುವುದು ಜೋನಿಬೆಲ್ಲವನ್ನೇ. ನನ್ನ ಲೆಕ್ಕ ಹೀಗೆ: 400 ಗ್ರಾಂ ಮೈದಾಕ್ಕೆ 120 ಗ್ರಾಂ ಬೆಣ್ಣೆ, 100 ಗ್ರಾಂ ಸಕ್ಕರೆ, 150 ಗ್ರಾಂ ಜೋನಿಬೆಲ್ಲ, ಎರಡು ಚಮಚ ಒಣಶುಂಠಿ ಪುಡಿ, ಅರ್ಧ ಚಮಚ ದಾಲ್ಚಿನ್ನಿ, ಎರಡು ಲವಂಗ, ಚಿಟಿಕೆ ಸೋಡಾ. ತಿನ್ನುವ ಬಿಸ್ಕತ್ತಿಗಾದರೆ ಸೋಡಾ ಹೆಚ್ಚು ಹಾಕಬಹುದು. ಗೋಡೆಗೆ ಕೂಡದು, ಉಬ್ಬಿದರೆ ಅಳತೆ ತಪ್ಪಿ ಮೂಲೆ ಕೂಡುವುದಿಲ್ಲ. ಬೆಣ್ಣೆ, ಬೆಲ್ಲ, ಸಕ್ಕರೆ ಕರಗಿಸಿ, ಹಿಟ್ಟಿಗೆ ಸುರಿದು ಕಲಸಿ, ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಬೇಕು. ಅಮ್ಮ ಬಾಟಲಿಯ ಬೆಲ್ಲವನ್ನು ಬೆರಳಲ್ಲಿ ನೆಕ್ಕಿ, ತೆಳುವಾಗಿದೆ ಎಂದು ಹೇಳಿ, ಕೇಳದೆಯೇ ಬಾಣಲೆಗೆ ಸುರಿದು ಇನ್ನೊಂದು ಕುದಿ ಕುದಿಸಿದಳು. ಮೂರು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಗೋಡೆಗಳು ಒಲೆಯೊಳಗೆ ಹರಡಿಕೊಳ್ಳಲಿಲ್ಲ.

180 ಡಿಗ್ರಿಯಲ್ಲಿ ಹನ್ನೆರಡು ನಿಮಿಷ ಬೇಯುವಾಗ ಬರುವ ವಾಸನೆಗೆ ಅಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತಳು. "ಆಲೆಮನೆ" ಎಂದಳು. ನಮ್ಮ ಕಡೆ ಚಳಿಗಾಲ ಇಳಿಯುತ್ತಿದ್ದಂತೆ ಗದ್ದೆಯಂಚಿನಲ್ಲಿ ಏಳುವ ಕಬ್ಬಿನ ಗಾಣದ ಚಪ್ಪರ, ದೊಡ್ಡ ಕೊಪ್ಪರಿಗೆ, ಕುದಿಯುವ ಬೆಲ್ಲದ ನೊರೆ, ಶುಂಠಿ ಜಜ್ಜಿ ಹಾಕಿದ ತಣ್ಣನೆಯ ಕಬ್ಬಿನ ಹಾಲು. ಓದುಗರಲ್ಲಿ ಮಲೆನಾಡಿನವರಿದ್ದರೆ ಹೆಚ್ಚು ಹೇಳಬೇಕಾಗಿಲ್ಲ. ಆದರೆ ಅಲ್ಲಿಯೇ ಕೂತು ತುಕ್ಡಿ ಕತ್ತರಿಸುತ್ತಿದ್ದ ಬಾಯಿ ತಲೆ ಎತ್ತಿ, "ಹೌದಲ್ಲ, ಆಲೆಂ ಮನೆಯೇ" ಎಂದರು. ಅಮ್ಮನಿಗೆ ಅರ್ಥವಾಗಲಿಲ್ಲ. ಕೊಂಕಣಿಯಲ್ಲಿ ಆಲೆಂ ಎಂದರೆ ಶುಂಠಿ. ಮರಾಠಿಯಲ್ಲೂ ಆಲೆ ಎಂದರೆ ಹಸಿಶುಂಠಿಯೇ, ಹಾಗಾಗಿ ಮೂರನೆಯ ಮಹಡಿಯ ಮರಾಠಿ ಮಕ್ಕಳೂ ತಲೆಯಾಡಿಸಿದರು. ಇಷ್ಟು ವರ್ಷ ಜಿಂಜರ್‌ಬ್ರೆಡ್ ಮನೆಗೆ ಕನ್ನಡದ ಹೆಸರು ಹುಡುಕುತ್ತಿದ್ದೆ, ಶುಂಠಿ ಮನೆ ಎಂದು ಏನೇನೋ ಒದ್ದಾಡಿದ್ದೆ. ಹೆಸರು ನಮ್ಮ ಗದ್ದೆಯಂಚಿನಲ್ಲೇ ಇತ್ತು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಯುರೋಪಿನಲ್ಲಿ ಈ ಬಿಸ್ಕತ್ತಿಗೆ ಕಾಳುಮೆಣಸಿನ ಹೆಸರೂ ಉಂಟು; ಜರ್ಮನರಲ್ಲಿ, ನಾರ್ವೆಯವರಲ್ಲಿ ಅದರ ಅರ್ಥ ಮೆಣಸಿನ ಕೇಕು. ಅಲ್ಲಿ ಶುಂಠಿಯೂ ಬೆಳೆಯುತ್ತಿರಲಿಲ್ಲ, ಮೆಣಸೂ ಬೆಳೆಯುತ್ತಿರಲಿಲ್ಲ. ಎರಡೂ ಹಡಗು ಹತ್ತುತ್ತಿದ್ದದ್ದು ನಮ್ಮ ಈ ಪಶ್ಚಿಮ ಕರಾವಳಿಯ ಬಂದರುಗಳಿಂದ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಸುಮ್ಮನೆ ಅಲ್ಲ. ಇದನ್ನೆಲ್ಲ ಹೆಮ್ಮೆಯಿಂದ ವಿವರಿಸಿದರೆ ಬಾಯಿ, "ಹಾಗಾದರೆ ಒಂದು ಚಿಟಿಕೆ ಮೆಣಸೂ ಹಾಕು" ಎಂದರು. ಹಾಕಿದೆ. ಒಳ್ಳೆಯದಾಯಿತು.

ಬೆಂದ ಹಲಗೆಗಳನ್ನು ಬಿಸಿಯಿರುವಾಗಲೇ ಅಂಚು ಕತ್ತರಿಸಿ ನೇರ ಮಾಡಬೇಕು, ಆಮೇಲೆ ಇಡೀ ರಾತ್ರಿ ಆರಬೇಕು. ಮಕ್ಕಳ ಜೊತೆ ಮನೆ ಕಟ್ಟುವುದರಲ್ಲಿ ನಿಜವಾದ ಕಷ್ಟ ಇದೇ, ಕಾಯುವುದು. ಮರುದಿನ ಅಂಟಿಸುವಾಗ ಇನ್ನೂ ಕಷ್ಟ. ರೂಢಿಯ ಅಂಟು ಎಂದರೆ ಮೊಟ್ಟೆಯ ಬಿಳಿಯೊಂದಿಗೆ ಕಡೆದ ಐಸಿಂಗ್ ಸಕ್ಕರೆ. ಅಮ್ಮ ಮೊಟ್ಟೆ ಮುಟ್ಟುವವಳಲ್ಲ. ಆದ್ದರಿಂದ ಕಾಬೂಲಿ ಕಡಲೆ ಬೇಯಿಸಿದ ನೀರನ್ನು ಕಡೆದೆ. ಅದು ಮೊಟ್ಟೆಯ ಬಿಳಿಯ ಹಾಗೆಯೇ ನೊರೆಯೇಳುತ್ತದೆ ಎಂದು 2014ರಲ್ಲಿ ಕಂಡುಕೊಂಡು ಹೇಳಿದವನು ಫ್ರಾನ್ಸಿನ ಒಬ್ಬ ಸಂಗೀತಗಾರ. ಬೇಯಿಸಿದ ಕಡಲೆಗೆ ಉಸಲಿಯ ಗತಿಯಾಯಿತು. ಬೆಳ್ಳಗೆ, ಗಟ್ಟಿಯಾಗಿ, ಕೋನಿನಿಂದ ಹಿಂಡಿದರೆ ಗೆರೆ ನಿಲ್ಲುವಂತೆ ಬಂತು. ಆದರೆ ಆರಲು ಒಂದೊಂದು ಮೂಲೆಗೂ ಅರ್ಧ ಗಂಟೆ. ಅಷ್ಟು ಹೊತ್ತು ಗೋಡೆ ಹಿಡಿದು ನಿಲ್ಲುವ ಮಗು ಜಗತ್ತಿನಲ್ಲಿಲ್ಲ. ಅವಲಕ್ಕಿ ಡಬ್ಬ, ಗ್ಲಾಸು, ಉಪ್ಪಿನಕಾಯಿ ಭರಣಿ ಎಲ್ಲ ಆಸರೆಗೆ ಬಂದವು. ಆದರೂ ಪಕ್ಕದ ಗೋಡೆ ಎರಡು ಸಲ ಜಾರಿತು.

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಸುಮ್ಮನೆ ಹೇಳಿದ್ದಾರೆಯೇ? ಮದುವೆ ಮಾಡಿ ನೋಡಿದ್ದಾಗಿದೆ, ಇದೊಂದು ಬಾಕಿ ಇತ್ತು" ಎನ್ನುತ್ತ ಅಮ್ಮ ಒಲೆ ಹಚ್ಚಿದಳು. ಸಕ್ಕರೆಗೆ ಎರಡು ಚಮಚ ನೀರು. ಒಂದೆಳೆ, ಎರಡೆಳೆ, ಉಂಡೆಪಾಕ ದಾಟಿ ಇನ್ನೂ ಮೇಲೆ. ಬಟ್ಟಲಿನ ತಣ್ಣೀರಿಗೆ ಒಂದು ಹನಿ ಬಿಟ್ಟು, ಅದನ್ನು ಎತ್ತಿ ಸ್ಟೀಲ್ ತಟ್ಟೆಗೆ ಎಸೆದಳು. ಟಣ್ ಎಂದಿತು. "ಈಗ ತಾ ನಿನ್ನ ಗೋಡೆ." ಥರ್ಮಾಮೀಟರಿನಲ್ಲಿ ಅದು 150 ಡಿಗ್ರಿಯ ಸುತ್ತಮುತ್ತ ಬರುವ ಹದ. ಅಂಚನ್ನು ಪಾಕದಲ್ಲಿ ಅದ್ದಿ ಇಟ್ಟರೆ ಎಣಿಸಿ ಹತ್ತು ಸೆಕೆಂಡಿಗೆ ಗೋಡೆ ನಿಂತಿತು. ಸುಟ್ಟರೆ ಚರ್ಮ ಕಿತ್ತು ಬರುವಂಥ ಪಾಕ, ಆದ್ದರಿಂದ ಮಕ್ಕಳನ್ನು ಮೇಜಿನಿಂದ ಮೂರು ಅಡಿ ದೂರ ನಿಲ್ಲಿಸಿದೆವು. ಕಟ್ಟಡ ನಿರ್ಮಾಣದ ಜಾಗದಲ್ಲಿ ಹೀಗೆಯೇ ಹಗ್ಗ ಕಟ್ಟುತ್ತಾರೆ ಎಂದು ಅವರೇ ದುಪಟ್ಟಾ ಕಟ್ಟಿಕೊಂಡರು.

ಅಲಂಕಾರಕ್ಕೆ ಬಂದಾಗ ನಾನು ಚಿಮಣಿ ಬೇಯಿಸಿ ಇಟ್ಟಿದ್ದೆ. ಯಾರಿಗೂ ಅದು ಬೇಡ. ಮಾಡಿನ ಮೇಲೆ ತೂತು ಏಕೆ, ಮಳೆ ಒಳಗೆ ಬರುವುದಿಲ್ಲವೇ ಎಂದು ಮಗಳ ಪ್ರಶ್ನೆ. ಚಿಮಣಿಯ ಜಾಗಕ್ಕೆ ಚಾಕೊಲೇಟ್ ಬಳಿದ ಕಪ್ಪು ನೀರಿನ ಟ್ಯಾಂಕು ಬಂತು. ಕಿಟಕಿಗಳಿಗೆ ಕಿತ್ತಳೆ ಬಣ್ಣದ ಪೆಪ್ಪರಮಿಂಟು ಕುಟ್ಟಿ ತುಂಬಿ ಒಲೆಯಲ್ಲಿ ಕರಗಿಸಿದ್ದೆವು, ಗಾಜಿನಂತೆ ಹೊಳೆಯುತ್ತಿತ್ತು. ಅದರ ಮೇಲೆ ಐಸಿಂಗಿನ ಗ್ರಿಲ್. ಮಾಡಿಗೆ ಬಾಯಿಯ ತುಕ್ಡಿಗಳು ಮಂಗಳೂರು ಹಂಚಾದವು. ಆ ಹಂಚೂ ಹೊರಗಿನಿಂದ ಬಂದ ಬುದ್ಧಿಯೇ, 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ನಮ್ಮದಾದದ್ದು. ಹಂಚಿನ ಮಾಡು ನಮ್ಮ ಊರಿನ ಮನೆಯದು, ಟ್ಯಾಂಕು ಕಲೀನಾದ್ದು. ಎರಡೂ ಒಂದೇ ಮನೆಗೆ ಹೊಂದುವುದಿಲ್ಲ ಎಂದು ಯಾರಿಗೂ ಅನ್ನಿಸಲಿಲ್ಲ. ಕೊನೆಗೆ ಒಂದು ಮೂಲೆಗೆ ನೀಲಿ ತಾಡಪತ್ರಿ ಹೊದಿಸಿದರು, ಬಣ್ಣ ಹಾಕಿದ ಮಾರ್ಜಿಪಾನಿನದು. ಮುಂಬಯಿಯ ಮಳೆ ನೋಡಿದವರಿಗೆ ತಾಡಪತ್ರಿಯಿಲ್ಲದ ಮನೆ ಪೂರ್ತಿಯಾದ ಮನೆಯಲ್ಲ.

ಮುಂದಿನ ಗೋಡೆಯನ್ನು ಎತ್ತುವಾಗ ಕೆಳಗಿನಿಂದ ಕಿಟಕಿಯವರೆಗೆ ಓರೆಯಾಗಿ ಬಿರುಕು ಬಿಟ್ಟಿತ್ತು. ನಾನು ಐಸಿಂಗ್ ತುಂಬಿ ಮುಚ್ಚಲು ಹೊರಟೆ. ಬಾಯಿಯ ಮೊಮ್ಮಗ ಕೈ ಹಿಡಿದ. "ಬೇಡ ಆಂಟಿ, ನಮ್ಮದರಲ್ಲೂ ಇದೆ." ನಿಜ. ನಮ್ಮ ಕಟ್ಟಡದ ಬಿ ವಿಂಗಿನ ಮೆಟ್ಟಿಲ ಗೋಡೆಯಲ್ಲಿ, ಎರಡನೆಯ ಮಹಡಿಯ ತಿರುವಿನಲ್ಲಿ, ಅಷ್ಟೇ ಓರೆಯಾದ ಬಿರುಕೊಂದಿದೆ. ಮೂವತ್ತು ವರ್ಷ ದಾಟಿದ ಕಟ್ಟಡಗಳಿಗೆ ಇಲ್ಲಿ ರಚನಾ ತಪಾಸಣೆ ಕಡ್ಡಾಯ. ನಮ್ಮದು ದಾಟಿ ಬಹಳ ಕಾಲವಾಯಿತು. ಎಂಜಿನಿಯರ್ ಬಂದು ಬಿರುಕಿಗೆ ಅಡ್ಡಲಾಗಿ ಒಂದು ಸಣ್ಣ ಗಾಜಿನ ಪಟ್ಟಿ ಅಂಟಿಸಿ, ಕೆಂಪು ಶಾಯಿಯಲ್ಲಿ ದಿನಾಂಕ ಬರೆದು ಹೋಗಿದ್ದಾನೆ. ಬಿರುಕು ಬೆಳೆಯುತ್ತಿದ್ದರೆ ಗಾಜು ಒಡೆಯುತ್ತದೆ. ಮಕ್ಕಳು ಶಾಲೆಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅದನ್ನು ನೋಡುತ್ತಾರೆ. ದೊಡ್ಡವರೂ ನೋಡುತ್ತೇವೆ, ನೋಡದವರ ಹಾಗೆ. ಹೊಸದಾಗಿ ಕಟ್ಟಿಸಿಕೊಡುತ್ತೇವೆಂದು ಬಿಲ್ಡರುಗಳು ಬರುತ್ತಾರೆ. ವಿಮಾನ ನಿಲ್ದಾಣ ಮಗ್ಗುಲಲ್ಲೇ ಇರುವುದರಿಂದ ಎತ್ತರಕ್ಕೆ ಮಿತಿಯಿದೆ, ಎತ್ತರವಿಲ್ಲದಿದ್ದರೆ ಲಾಭವಿಲ್ಲ. ಚಹಾ ಕುಡಿದು ಹೋಗುತ್ತಾರೆ. ಸಾಂತಾಕ್ರೂಜ್, ವಿಲೆ ಪಾರ್ಲೆ, ಕುರ್ಲಾ, ಈ ಎಲ್ಲ ಕಡೆ ಇಂಥ ಕಟ್ಟಡಗಳಿವೆ.

ಹುಡುಗ ಒಡೆದ ಕಿಟಕಿಯ ಚೂರುಗಳಲ್ಲಿ ಹುಡುಕಿ, ಉಗುರಿನಷ್ಟು ಅಗಲದ ಪೆಪ್ಪರಮಿಂಟಿನ ಪಟ್ಟಿಯನ್ನು ಆರಿಸಿದ. ಎರಡು ತುದಿಗೆ ಎರಡು ಚುಕ್ಕೆ ಐಸಿಂಗ್ ಹಾಕಿ, ನಾಲಿಗೆ ಹೊರಗೆ ಚಾಚಿಕೊಂಡು, ಉಸಿರು ಬಿಗಿಹಿಡಿದು, ಬಿರುಕಿನ ಮೇಲೆ ಅಡ್ಡಲಾಗಿ ಕೂರಿಸಿದ. ಹಲ್ಲುಕಡ್ಡಿಯನ್ನು ಕೆಂಪು ಬಣ್ಣದಲ್ಲಿ ಅದ್ದಿ ದಿನಾಂಕ ಬರೆದ: 24-12. ಆಮೇಲೆ ಎರಡು ದಿನ ಅವನ ದಿನಚರಿಯಲ್ಲಿ ಇನ್ನೊಂದು ಗಾಜು ಸೇರಿತು. ಮೆಟ್ಟಿಲಿನದನ್ನು ನೋಡಿ, ನಮ್ಮ ಬಾಗಿಲು ತಟ್ಟಿ, ಇದನ್ನು ನೋಡಿ, "ಎರಡೂ ಸರಿಯಾಗಿವೆ" ಎಂದು ಹೇಳಿ ಹೋಗುತ್ತಿದ್ದ. ಒಮ್ಮೆ ಅಮ್ಮ ಅವನಿಗೆ ಎಂಜಿನಿಯರ್ ಸಾಹೇಬರೇ, ಚಹಾ ಕುಡಿಯುತ್ತೀರಾ ಎಂದು ಕೇಳಿದಳು. ಹಾಲು ಸಾಕು ಎಂದ.

ಈ ವರ್ಷ ಪರಾತವೂ ಇಲ್ಲ, ನೀರೂ ಇಲ್ಲ. ಒಂದೆರಡು ಇರುವೆ ಬಂದವು, ಬರಲಿ ಎಂದು ಬಿಟ್ಟೆ. ಎರಡು ದಿನದ ಬಾಡಿಗೆದಾರರು.

26ರ ಸಂಜೆ ಐದಕ್ಕೆ ಮಕ್ಕಳು ಲಟ್ಟಣಿಗೆ ಹಿಡಿದು ಸಾಲಾಗಿ ನಿಂತಾಗ, ಒಪ್ಪಿಕೊಳ್ಳುತ್ತೇನೆ, ನನ್ನ ಕೈ ಮತ್ತೆ ಅಡ್ಡ ಹೋಯಿತು. ಬೆಳಕು ಕಿಟಕಿಗಳ ಮೂಲಕ ಹಾದು ಮೇಜಿನ ಮೇಲೆ ಕಿತ್ತಳೆ ಚೌಕಗಳಾಗಿ ಬಿದ್ದಿತ್ತು. ಇನ್ನೊಂದು ಫೋಟೋ ಎಂದೆ. ಮಗಳು ಕ್ಯಾಲೆಂಡರ್ ಕಡೆಗೆ ಬೆರಳು ತೋರಿಸಿದಳು. ಬಾಯಿ ಶಿಲುಬೆಯ ಗುರುತು ಮಾಡಿಕೊಂಡು, ಮೊಮ್ಮಗನ ಕೈಯಿಂದ ಲಟ್ಟಣಿಗೆ ಇಸಿದುಕೊಂಡು, ಮಾಡಿನ ಮಧ್ಯಕ್ಕೆ ಒಂದೇ ಏಟು ಹಾಕಿದರು. ಎಪ್ಪತ್ತರ ಕೈಯಲ್ಲಿ ಅಷ್ಟು ಬಲ ಇರುತ್ತದೆಂದು ನಾನು ಎಣಿಸಿರಲಿಲ್ಲ. ಆಮೇಲೆ ಯಾರು ಏನು ಒಡೆದರೋ ಲೆಕ್ಕವಿಲ್ಲ. ಟ್ಯಾಂಕಿಗಾಗಿ ಜಗಳವಾಯಿತು. ಮಗಳು ಮೊದಲು ಬಾಯಿಗೆ ಹಾಕಿದ್ದು ಕಿಟಕಿ, ನನ್ನ ಕಡೆ ನೋಡುತ್ತಲೇ. ಅಮ್ಮ ಹಿಂದಿನ ಗೋಡೆಯ ತುಂಡೊಂದನ್ನು ಚಹಾಕ್ಕೆ ಅದ್ದಿ ತಿಂದು, ಗೋಡೆ ಪರವಾಗಿಲ್ಲ, ಪಾಕ ಮಾತ್ರ ಹಲ್ಲಿಗೆ ಕಷ್ಟ ಎಂದು ತನ್ನ ಕೆಲಸವನ್ನೇ ಟೀಕಿಸಿಕೊಂಡಳು.

ಉಳಿದದ್ದು ಬಹಳವಿತ್ತು. ಬಾಯಿ ಕುಸ್ವಾರಿನ ತಟ್ಟೆಗಳಲ್ಲಿ ಕಿಡ್ಯೊ, ನೆವ್ರ್ಯೊಗಳ ಪಕ್ಕದಲ್ಲಿ ಒಂದೊಂದು ತುಂಡು ಮನೆಯನ್ನೂ ಇಟ್ಟು, ಕ್ರೋಶಾ ಬಟ್ಟೆ ಮುಚ್ಚಿ, ಮಕ್ಕಳ ಕೈಯಲ್ಲಿ ಮನೆಮನೆಗೆ ಕಳುಹಿಸಿದರು. ಮೂರನೆಯ ಮಹಡಿಗೆ ತಾಡಪತ್ರಿಯ ಮೂಲೆ. ಎದುರು ಮನೆಯವರಿಗೆ ಅರ್ಧ ಬಾಗಿಲು. ಕಾವಲುಗಾರನಿಗೆ ಮಾಡಿನ ದೊಡ್ಡ ಪಾಲು. ಬಿರುಕಿನ ಗೋಡೆ ಮಾತ್ರ ಸೊಸೈಟಿಯ ಕಾರ್ಯದರ್ಶಿಯ ಮನೆಗೇ ಹೋಗಬೇಕೆಂದು ಹುಡುಗ ಪಟ್ಟು ಹಿಡಿದ. ಗಾಜಿನ ಪಟ್ಟಿ ಒಡೆಯದ ಹಾಗೆ ಎರಡು ಕೈಯಲ್ಲಿ ತಟ್ಟೆ ಹಿಡಿದು ತಾನೇ ನಾಲ್ಕನೆಯ ಮಹಡಿಗೆ ಹತ್ತಿದ. ನಾನು ಹಿಂದೆಯೇ ಹೋದೆ.

ಕಾರ್ಯದರ್ಶಿ ಬಟ್ಟೆ ಸರಿಸಿ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ದಿನಾಂಕವನ್ನು ಓದಿದರು.

"ಇದನ್ನು ತಿನ್ನಬೇಕೋ, ಮಹಾನಗರಪಾಲಿಕೆಗೆ ಕಳುಹಿಸಬೇಕೋ?"

"ಒಡೆದಿಲ್ಲ ಅಂಕಲ್," ಎಂದ ಹುಡುಗ, "ತಿನ್ನಬಹುದು."